ಲೇನಿ ಹಿಡಿದ ಹಗ್ಗ

ಸ್ವಾರ್ಟ್‌ಬಾಯ್ ಎಂಬ ಕಡಲೂರಿನಲ್ಲಿ ಗಂಡ ಕಡಲಲ್ಲಿ ಮುಳುಗು ಹಾಕಿದರೆ ಅವನ ಸೊಂಟದ ಹಗ್ಗವನ್ನು ಹೆಂಡತಿಯೇ ಹಿಡಿಯಬೇಕು. ಅಣ್ಣತಮ್ಮಂದಿರ ಕೈಗೆ ಕೊಡುವಂತಿಲ್ಲ. ಮುಳುಗಿದವನು ಮೇಲೆ ಬರದಿದ್ದರೆ ದೋಣಿ ಅವರ ಪಾಲಾಗುತ್ತದಲ್ಲ, ಅದಕ್ಕೆ. ಹೆಂಡತಿಗಾದರೆ ಗಂಡ ಸತ್ತರೆ ಏನೂ ಲಾಭವಿಲ್ಲ ಎಂದು ಹಳೆಯ ಕಾಲದ ಹಿರಿಯರು ಎಣಿಸಿದ್ದರು. ಆ ಪುಣ್ಯಾತ್ಮರು ಲೇನಿಯನ್ನು ನೋಡಿರಲಿಲ್ಲ.

"ನನ್ನ ಗಂಡ ಹೋದರೆ ಕಾಫಿಪುಡಿಯಾದರೂ ಉಳಿಯುತ್ತೆ ಕಣ್ರೇ," ಎಂದು ಅವಳು ಮೀನು ಸೀಳುತ್ತ ಕೂತ ಹೆಂಗಸರ ಮುಂದೆ ಹೇಳುವಳು. ಅವರು ಬಿದ್ದು ಬಿದ್ದು ನಗುವರು. ಗಂಡ ಬ್ಯಾರೆಂಡ್ ಅಲ್ಲೇ ಗೋಡೆಗೊರಗಿ ಬೀಡಿ ಸುತ್ತುತ್ತಿದ್ದರೂ ಸರಿಯೇ.

ಲೇನಿಯ ಕಣ್ಣಿಗೆ ಯಾರೂ ಹಿಡಿಸುತ್ತಿರಲಿಲ್ಲ. ಪಾದ್ರಿ ಮಾತಾಡಿದರೆ ಆಕಳಿಕೆ, ಪಕ್ಕದ ಮನೆಯವಳು ಕೆಂಡದ ಮೇಲೆ ಸುಟ್ಟ ರೊಟ್ಟಿ ಕಲ್ಲು, ಬ್ಯಾರೆಂಡನ ದೊಡ್ಡಪ್ಪನ ಮಗ ಸ್ಟೋಫೆಲ್ ನಡೆಸುವ ದೋಣಿಯ ಎಂಜಿನ್ನು ಗುಜರಿ. ಇಡೀ ಕರಾವಳಿಯಲ್ಲಿ ಗಂಡಸು ಅಂತ ಹುಟ್ಟಿದ್ದವನು ಒಬ್ಬನೇ, ಅವಳ ಅಪ್ಪ ಫಿಲಾಂಡರ್. ಈಗ ಆತ ಮರಳುದಿಬ್ಬದ ಸ್ಮಶಾನದಲ್ಲಿದ್ದಾನೆ. ಮನೆಯಲ್ಲಿ ಯೇಸುವಿನ ಪಟಕ್ಕಿಂತ ಒಂದು ಗೇಣು ಮೇಲೆ ಅವನ ಪಟ.

ಊರ ಮುಂದಿನ ಕೊಲ್ಲಿಯಲ್ಲಿ ನಾರ್ವೆ ಹಡಗೊಂದು ಬಿದ್ದಿದೆ. ಅಜ್ಜಂದಿರ ಕಾಲದಲ್ಲಿ ಮಂಜಿನಲ್ಲಿ ದಾರಿ ತಪ್ಪಿ ಬಂಡೆಗೆ ಬಡಿದದ್ದು. ಆಳ ಹೆಚ್ಚೇನಿಲ್ಲ, ಮೂರಾಳು. ನೀರಿಳಿದಾಗ ಬಾಯ್ಲರಿನ ನೆತ್ತಿ ಹೊರಗೆ ಕಾಣುತ್ತದೆ. ಆದರೆ ಆ ನೀರು! ಕೈಯಿಟ್ಟರೆ ಮೂಳೆ ಕೊರೆಯುತ್ತದೆ. ಅದರ ತಗಡುಗಳ ಸಂದಿನಲ್ಲಿ ದೊಡ್ಡ ಸಿಗಡಿ ಸಿಗುತ್ತದೆಂದೇ ಊರ ಗಂಡಸರು ದೋಣಿಯಿಂದ ಇಳಿಬಿಟ್ಟ ಗಾಳಿಪೈಪನ್ನು ಬಾಯಲ್ಲಿ ಕಚ್ಚಿಕೊಂಡು ಇಳಿಯುವುದು. ಬ್ಯಾರೆಂಡನೂ ಸಿಗಡಿಗೇ ಇಳಿದಿದ್ದರೆ ಯಾರು ಕೇಳುತ್ತಿದ್ದರು? ಮದುವೆಯ ಹೊಸದರಲ್ಲಿ ಅವನು ಚರ್ಚಿನಲ್ಲಿ ಎದ್ದು ನಿಂತು, "ಹಡಗಿನ ಗಂಟೆ ತಂದು ಇಲ್ಲೇ ಕಟ್ತೀನಿ" ಎಂದುಬಿಟ್ಟ. ಅಂದಿನಿಂದ ಚರ್ಚಿನವರು ಗಂಟೆಯ ಬದಲು ರೈಲುಕಂಬಿಯ ತುಂಡು ಬಡಿಯುತ್ತಲೇ ಇದ್ದಾರೆ, ಇವನು ಮುಳುಗುತ್ತಲೇ ಇದ್ದಾನೆ, ಗಂಟೆ ಮಾತ್ರ ಬಂದಿಲ್ಲ.

ಬರುವುದಾದರೂ ಎಲ್ಲಿಂದ? ಗಂಟೆಯನ್ನು ಫಿಲಾಂಡರನೇ ಲೇನಿಯ ಮದುವೆಗೂ ಮುಂಚೆ ಎತ್ತಿದ್ದ. ಮೀನಿನ ಗೋಣಿಯಡಿ ಬಚ್ಚಿಟ್ಟು ಪೇಟೆಯ ಗುಜರಿಯವನಿಗೆ ಮಾರಿ, ಬಂದ ದುಡ್ಡನ್ನೆಲ್ಲ ಕುಡಿದು ಮುಗಿಸಿದ್ದ. ತಾಯಿ ಹಾಸಿಗೆ ಹಿಡಿದಿದ್ದರಿಂದ ಆ ದಿನ ಹಗ್ಗ ಹಿಡಿದವಳು ಲೇನಿಯೇ. ಅವಳು ಬಾಯಿ ಬಿಡಲಿಲ್ಲ. ತವರಿನ ಮಾನ ಉಳಿಯಬೇಕಲ್ಲ! ಗಂಡ ಇಲ್ಲದ ಗಂಟೆ ಹುಡುಕಿ ನೀಲಿಗಟ್ಟಿ ಮೇಲೆ ಬಂದಾಗಲೆಲ್ಲ, "ನಮ್ಮಪ್ಪ ಆಗಿದ್ದರೆ ಒಂದೇ ಉಸಿರಿಗೆ ತರ್ತಿದ್ದ" ಎನ್ನುವಳು.

ಹಗ್ಗ ಅವಳಿಗೆ ಎಲ್ಲ ಹೇಳುತ್ತಿತ್ತು. ಇತ್ತೀಚೆಗಂತೂ ಬ್ಯಾರೆಂಡ್ ಇಳಿದ ಕೂಡಲೇ ಹಗ್ಗ ಸಡಿಲ. ಕೆಳಗೆ ಸುಮ್ಮನೆ ಕೂತಿದ್ದಾನೆ. "ಸೋಮಾರಿ, ನೀರೊಳಗೂ ನೊಣ ಹೊಡೀತಾನೆ," ಎಂದು ಅವಳು ಕಡಲಿಗೆ ಉಗಿಯುವಳು.

ಈ ಚಳಿಗಾಲದ ಬಿರುಗಾಳಿಗೆ ಬಾಯ್ಲರ್ ಒಂದು ಮಗ್ಗುಲಿಗೆ ವಾಲಿತು. ಅಡಿಯಲ್ಲಿ ಮನುಷ್ಯ ನುಸುಳುವಷ್ಟು ಸಂದಿ ಬಿಟ್ಟಿತು. ಒಂದು ದೊಡ್ಡ ಅಲೆ ಬಂದರೆ ಮತ್ತೆ ಕೂತುಬಿಡುವಂಥದ್ದು. ಚರ್ಚಿನ ಸುಗ್ಗಿಹಬ್ಬದ ಕೂಟದಲ್ಲಿ, ಗಂಟೆ ಆ ಸಂದಿಯಲ್ಲೇ ಇರಬಹುದೆಂದು ಯಾರೋ ಮಾತೆತ್ತಿದರು. ಲೇನಿಗೆ ಅಷ್ಟೇ ಸಾಕಾಯಿತು.

"ಈ ಮಹಾಶೂರ ಸಂದಿಯೊಳಗೆ ಹೋಗ್ತಾನಾ? ಅಯ್ಯೋ ಬಿಡಿ! ಇವನಿಗೆ ನಮ್ಮ ಮನೆ ಅಟ್ಟ ಹತ್ತೋಕೇ ಕಾಲು ನಡುಗುತ್ತೆ."

ಎಲ್ಲರೂ ನಕ್ಕರು. ಬ್ಯಾರೆಂಡ್ ಸಾರಿನ ಬಟ್ಟಲು ಕೆಳಗಿಟ್ಟ. "ಶನಿವಾರ ಹೋಗ್ತೀನಿ," ಎಂದ.

ಶನಿವಾರ ದೋಣಿಯಲ್ಲಿ ಮೂವರೇ. ಬ್ಯಾರೆಂಡ್ ಮುಳುಗಲು ಭಾರಕ್ಕೆಂದು ಸೀಸದ ಪಟ್ಟಿ ಬಿಗಿದುಕೊಂಡ. ಸ್ಟೋಫೆಲ್‌ಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನೀನಾದ್ರೂ ಬೇಡ ಅನ್ನು. ಅಲೆ ಸರಿಯಿಲ್ಲ."

"ನಾನ್ಯಾಕೆ ಅನ್ನಲಿ? ಅವನೇ ತಿರುಗಿ ಬರ್ತಾನೆ, ನೋಡ್ತಿರು."

ಬ್ಯಾರೆಂಡ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಇಳಿದ.

ಹಗ್ಗ ಸಡಿಲವಾಗಲಿಲ್ಲ. ದಿನಾ ಕೂರುವ ಜಾಗ ದಾಟಿ ಬಾಯ್ಲರಿನ ಕಡೆಗೇ ಹೊರಟಿತು. ಲೇನಿ ಒಂದು ಮಾರು ಬಿಟ್ಟಳು. ನಾಟಕ ಆಡ್ತಾನೆ, ಈಗ ನಿಲ್ತಾನೆ ಅಂದುಕೊಂಡಳು. ನಿಲ್ಲಲಿಲ್ಲ. ಎಳೆಯಬೇಕು, ಎಳೆದರೆ ಯಾಕೆಂದು ಹೇಳಬೇಕು, ಹೇಳಿದರೆ ಅಪ್ಪನ ಹೆಸರು ಬೀದಿಗೆ ಬೀಳುತ್ತದೆ. ಇನ್ನೊಂದು ಮಾರು ಬಿಟ್ಟಳು. ಆಗ ಹಗ್ಗ ಕಬ್ಬಿಣಕ್ಕೆ ಉಜ್ಜಿದ್ದು ಅವಳ ಅಂಗೈಗೆ ಗೊತ್ತಾಯಿತು.

"ಸ್ಟೋಫೆಲ್, ಹಿಡಿಯೋ! ಎಳೆಯೋ, ನಿನ್ನ ದಮ್ಮಯ್ಯ!"

ಇಬ್ಬರೂ ಬಿದ್ದು ಎಳೆದರು. ಬ್ಯಾರೆಂಡ್ ತುಟಿ ಕಪ್ಪಾಗಿ, ಹಲ್ಲು ಕಟಕಟಿಸುತ್ತ ದೋಣಿಯ ಅಂಚಿಗೆ ಬಂದ. ಲೇನಿ ಅವನ ಭುಜ ಹಿಡಿದು ಅಲುಗಾಡಿಸಿದಳು.

"ಅಲ್ಲಿಲ್ಲ ಕಣೋ, ಹುಚ್ಚ! ಗಂಟೆ ಇಲ್ಲವೇ ಇಲ್ಲ! ನಮ್ಮಪ್ಪ ಅದನ್ನ ಮಾರಿ ಕುಡಿದ!"

ಬ್ಯಾರೆಂಡ್ ಕೆಮ್ಮಿ ಉಪ್ಪುನೀರು ಉಗಿದ. "ಗೊತ್ತು."

"ಗೊತ್ತಾ? ಯಾರು ಹೇಳಿದ್ರು?"

"ಅವನೇ. ಸಾಯೋ ವರ್ಷ, ಕುಡಿದಾಗ. ನನ್ನ ಮಗಳೇ ಹಗ್ಗ ಹಿಡಿದಿದ್ದಳು ಅಂತಾನೂ ಹೇಳಿದ."

"ಮತ್ತೆ ಇಷ್ಟು ಕಾಲ ಯಾಕೆ ಮುಳುಗಿದೆ, ಮಾರಾಯ?"

"ನೀನಾಗೇ ಹೇಳ್ತೀಯ ಅಂತ ಕಾದೆ. ಕೆಳಗೆ ನಿನ್ನ ಬಾಯಿ ಕೇಳಿಸ್ತಿರಲಿಲ್ಲ, ಅದೂ ಒಂದು ಸುಖ." ಅವನು ಸೀಸದ ಪಟ್ಟಿ ಬಿಚ್ಚಿ ಕೆಳಗೆ ಹಾಕಿದ. "ಇವತ್ತು, ಎಷ್ಟು ಹಗ್ಗ ಬಿಡ್ತೀಯ ಅಂತ ನೋಡೋಕೆ ಹೋದೆ. ಬಾಯ್ಲರಿನ ಅಡಿಯವರೆಗೂ ಬಿಟ್ಟೆಯಲ್ಲ, ಲೇನಿ."

ಸ್ಟೋಫೆಲ್ ತಲೆ ತಗ್ಗಿಸಿ ಎಂಜಿನ್ ಶುರುಮಾಡಿದ. ಲೇನಿ ಎಂದಿನಂತೆ ಒದ್ದೆ ಹಗ್ಗ ಸುತ್ತಿಡಲು ಬಾಗಿದಳು. ಬ್ಯಾರೆಂಡ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಾನೇ ಸುತ್ತತೊಡಗಿದ.