ಕುರ್ಚಿ ಹಾಕಿ ಕಲಿಸಿದವರು

ದಿನವೂ ಒಂದೇ ತೆರನಾಗಿ ಮಾಡಬೇಕಾದ ಕಂಪ್ಯೂಟರ್ ಕೆಲಸವನ್ನು, ರೋಬಾಟ್ ಎಂಬ ದೊಡ್ಡ ಹೆಸರಿದ್ದೂ ಕೈಕಾಲುಗಳಿಲ್ಲದ ಪ್ರೋಗ್ರಾಮಿಗೆ ಒಪ್ಪಿಸುವ ವಿದ್ಯೆಯನ್ನು ಬಲ್ಲವರು ಇಂದು ಬೇಕಾದಷ್ಟು ಜನರಿದ್ದಾರೆ. ಏನೂ ಅರಿಯದ ಹೊಸಬರಿಗೆ ಅದನ್ನು ಅಳುಕು ಹೋಗುವಂತೆ ಕಲಿಸಬಲ್ಲವರು ವಿರಳ. ನಮ್ಮ ಬಸ್ ಸಂಸ್ಥೆಯ ತರಬೇತಿ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅಂಥ ವಿರಳರಲ್ಲಿ ಒಬ್ಬರು. ಕಾಗದಪತ್ರಗಳಲ್ಲಿ ಅವರಿಗೆ ಉದ್ದನೆಯ ಪದನಾಮವಿದೆ. ನಮ್ಮ ಬಾಯಲ್ಲಿ ಮಾತ್ರ ಅವರು ಕುರ್ಚಿ ಮೇಡಂ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವರಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು.

ಪಾಸ್ ವಿತರಣೆಯ ಕಿಟಕಿಯಲ್ಲಿ ಸೇವೆ ಆರಂಭಿಸಿ, ವೇಳಾಪಟ್ಟಿ ವಿಭಾಗವನ್ನು ಹಾದು ತರಬೇತಿಗೆ ಬಂದ ಮೇಡಂ, ಹೊಸಬರಿಗೆ ಮೊದಲ ಬೆಳಿಗ್ಗೆ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ, ಕುರ್ಚಿ ಹೊರಿಸುತ್ತಿದ್ದರು. ರೋಬಾಟಿಗೆ ಕೆಲಸ ಹೇಳಿಕೊಡುವ ಮೂರು ಬಗೆಗಳನ್ನೂ ಆ ಕುರ್ಚಿಗಳಲ್ಲೇ ತೋರಿಸುತ್ತಿದ್ದರು. ಒಂದರ ಮುಂದೊಂದು ಸಾಲಾಗಿ ಇಟ್ಟರೆ ಸೀಕ್ವೆನ್ಸ್: ಈ ಕೆಲಸ ಮುಗಿಯಿತು, ಮುಂದಿನದಕ್ಕೆ ನಡೆ. ದಾರಿ ಕವಲೊಡೆಯುವಂತೆ ಇಟ್ಟರೆ ಫ್ಲೋಚಾರ್ಟ್: ಹೌದಾದರೆ ಈ ಕಡೆ, ಇಲ್ಲವಾದರೆ ಆ ಕಡೆ. ದುಂಡಗೆ ಇಟ್ಟು, "ಕೂತ್ಕೊಳ್ಳಿ, ಏನಾದ್ರೂ ಸುದ್ದಿ ಬರೋವರೆಗೂ ಏಳಬೇಡಿ" ಎಂದರೆ ಸ್ಟೇಟ್ ಮೆಷಿನ್. ಅಲ್ಲಿ ಕೆಲಸವು ತಾನಿರುವ ಸ್ಥಿತಿಯಲ್ಲೇ ಕಾದು, ತಕ್ಕ ಸುದ್ದಿ ಬಂದಾಗ ಮಾತ್ರ ಜಾಗ ಬದಲಿಸುತ್ತದೆ. ಬೇಕಾದರೆ ಹಿಂದಿನ ಜಾಗಕ್ಕೂ ಮರಳುತ್ತದೆ. ಸ್ಟೇಟ್ ಮೆಷಿನ್ ಎಂಬ ಹೆಸರಿಗೇ ಮರುಳಾಗಿ ಎಲ್ಲದಕ್ಕೂ ಅದೇ ಬೇಕೆಂದ ಹುಮ್ಮಸ್ಸಿನವರಿಗೆ, "ಪಾಸ್ ನವೀಕರಣಕ್ಕೆ ಸೀಕ್ವೆನ್ಸ್ ಸಾಕು. ಪಕ್ಕದ ಬೀದಿಗೆ ಹೋಗೋಕೆ ವಿಮಾನ ಯಾಕ್ರೀ?" ಎನ್ನುತ್ತಿದ್ದರು.

ಅವರ ಕೊನೆಯ ತಂಡದಲ್ಲಿದ್ದವರಲ್ಲಿ ಒಬ್ಬರು ಕಳೆದ ವಸ್ತುಗಳ ಕೌಂಟರಿನ ಗುಮಾಸ್ತೆ, ಇಡೀ ಕಚೇರಿಗೆ ಚಿಕ್ಕಮ್ಮ. ಒಂದು ಗುಂಡಿ ತಪ್ಪು ಒತ್ತಿದರೆ ಸಂಸ್ಥೆಯೇ ಮುಳುಗೀತೆಂದು ನಂಬಿದ್ದ ಜೀವ ಅದು. ಮೇಡಂ ತಮ್ಮ ಊಟದ ಡಬ್ಬಿಯನ್ನು ಬದಿಗಿಟ್ಟು, ಚಿಕ್ಕಮ್ಮನ ಪಕ್ಕ ಕುಳಿತು, ಬೇಕೆಂದೇ ಪ್ರೋಗ್ರಾಮನ್ನು ಕೆಡಿಸಿ ತೋರಿಸಿದರು. "ನೋಡಿ, ಕೆಟ್ಟೋಯ್ತು. ಛಾವಣಿ ಬಿತ್ತಾ?" ಅಂದಿನಿಂದ ಚಿಕ್ಕಮ್ಮನ ಬೆರಳಿಗೆ ಧೈರ್ಯ ಬಂತು, ನಾಲಿಗೆಗೆ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ನಿರ್ದೇಶಕರ ಆದೇಶ ಹೊರಟಿತು: ಇನ್ನು ಮುಂದೆ ಹೊಸಬರಿಗೆ ಸೀಕ್ವೆನ್ಸ್ ಒಂದನ್ನೇ ಅರ್ಧ ದಿನದಲ್ಲಿ ಕಲಿಸಿ ಕಳಿಸತಕ್ಕದ್ದು, ಕಳೆದ ವಸ್ತುಗಳ ವಿಭಾಗದಿಂದಲೇ ಆರಂಭಿಸತಕ್ಕದ್ದು. ಮೇಡಂ ಜಗಳಕ್ಕೆ ಹೋಗಲಿಲ್ಲ. ನಿರ್ದೇಶಕರನ್ನು ತರಗತಿಗೆ ಕರೆಸಿ, ಸಾಲಿನ ಮೊದಲ ಕುರ್ಚಿಯಲ್ಲಿ ಕೂರಿಸಿ, "ಸರ್, ನೀವೀಗ ಬಸ್ಸಲ್ಲಿ ಸಿಕ್ಕಿದ ಕೊಡೆ" ಎಂದರು. ರೋಬಾಟಿನ ಪಾತ್ರ ಚಿಕ್ಕಮ್ಮನದು. ದಾಖಲಿಸು, ಸಂದೇಶ ಕಳಿಸು, ವಿಲೇವಾರಿ ಮಾಡು. ಒಂದೊಂದು ಕುರ್ಚಿ ದಾಟಿಸುತ್ತ ಚಿಕ್ಕಮ್ಮ ಸಾಹೇಬರನ್ನು ಬಾಗಿಲಿನಾಚೆ ನಿಲ್ಲಿಸಿಬಿಟ್ಟರು.

"ಅಲ್ಲಮ್ಮಾ, ನನ್ನ ಕಳ್ಕೊಂಡೋರು ಬರೋಕ್ಮುಂಚೆನೇ ಹೊರಗೆ ಹಾಕಿದ್ರಲ್ಲ!"

"ಅವರಲ್ಲ ಸರ್, ನಿಮ್ಮ ಆದೇಶ" ಎಂದರು ಮೇಡಂ.

ಆಮೇಲೆ ಕುರ್ಚಿಗಳು ದುಂಡಗಾದವು. ಕೊಡೆ ಕಾಯುತ್ತ ಕುಳಿತಿತು. ಒಬ್ಬರು ಬಂದು ತಮ್ಮದಲ್ಲವೆಂದಾಗ ಮರಳಿ ಅದೇ ಕುರ್ಚಿಗೆ ಬಂತು. ಕುಳಿತಲ್ಲೇ ಟೀ ಕುಡಿಯಿತು. ಸಾಹೇಬರು ನಕ್ಕು ಆದೇಶ ಹಿಂತೆಗೆದುಕೊಂಡರಾದರೂ ಒಂದು ಮಾತು ಕೇಳಿದರು: "ನೀವು ಹೋದ್ಮೇಲೆ ಇದನ್ನ ಹೇಳ್ಕೊಡೋರು ಯಾರು? ಯಾರೂ ಇಲ್ಲ ಅಂದ್ರೆ ಪಾಠ ನಿಲ್ಲಿಸ್ಲೇಬೇಕಾಗತ್ತೆ." ಮೇಡಂ ಚಿಕ್ಕಮ್ಮನ ಕಡೆ ನೋಡಿದರು. "ಅಯ್ಯೋ, ನನ್ನ ಕೈಲಾಗಲ್ಲ ಮೇಡಂ!" ಎಂದು ಚಿಕ್ಕಮ್ಮ ಗೋಗರೆದರೂ ಆ ನೋಟ ಕದಲಲಿಲ್ಲ.

ಮರುವಾರ ಚಿಕ್ಕಮ್ಮನ ಮೊದಲ ತರಗತಿ. ಮೇಡಂ ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಸೀರೆಯ ಅಂಚು ಬಾಗಿಲಿನಿಂದ ಕಾಣುತ್ತಿದ್ದುದೇ ಚಿಕ್ಕಮ್ಮನಿಗೆ ಆಸರೆ. ಹೊಸ ಕಂಡಕ್ಟರೊಬ್ಬ ಎದ್ದು, ರಜೆ ಅರ್ಜಿಯ ಕೆಲಸಕ್ಕೆ ಯಾವ ಬಗೆ ಸರಿ ಎಂದು ಕೇಳಿದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕ್ಕಮ್ಮನಿಗೆ ಬೆಂಚಿನ ಕಡೆ ಓಡೋಣವೆನ್ನಿಸಿತು. ಓಡಲಿಲ್ಲ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಕೇಳಿದರು:

"ರಜೆ ಕೇಳಿದ ತಕ್ಷಣ ಮಂಜೂರಾಗತ್ತಾ, ಕಾಯಬೇಕಾ?"

"ಕಾಯಬೇಕು!" ಎಂದು ಇಡೀ ತರಗತಿ ಒಕ್ಕೊರಲಿನಿಂದ ಗೊಳ್ಳೆಂದಿತು.

"ಮತ್ತೆ ಕಾಗದ ಸಾಲದು ಅಂತ ವಾಪಸ್ ಕಳಿಸ್ತಾರಾ?"

"ಕಳಿಸ್ತಾರೆ!"

"ಹಾಗಾದ್ರೆ ಸ್ಟೇಟ್ ಮೆಷಿನ್. ಅಲ್ಲೇ ಮಂಜೂರು, ಇಲ್ಲಾ ನಾಮಂಜೂರು ಅಂದುಬಿಡೋ ಸಾಹೇಬ್ರಿದ್ರೆ ಫ್ಲೋಚಾರ್ಟೇ ಸಾಕು."

ಹಿಗ್ಗಿನಿಂದ ಬಾಗಿಲ ಕಡೆ ತಿರುಗಿದರೆ ಬೆಂಚು ಖಾಲಿ. ಕಾರಿಡಾರ್ ಗುಡಿಸುತ್ತಿದ್ದಾಕೆ ಹೇಳಿದರು: "ನೀವು 'ಕಾಯಬೇಕಾ' ಅಂತ ಕೇಳಿದ್ರಲ್ಲ, ಆಗ್ಲೇ ಎದ್ದು ಹೋದ್ರು. ನಗ್ತಾ ಹೋದ್ರು." ಉತ್ತರ ಕೇಳುವವರೆಗೂ ಅವರು ಕೂರಲಿಲ್ಲ. ಚಿಕ್ಕಮ್ಮನಿಗೆ ಕಣ್ಣು ತುಂಬಿ ಬಂತು.

ಇಂಥ ಗುರುವಿಗೆ ಗಟ್ಟಿ ಆರೋಗ್ಯವೂ ದೀರ್ಘಾಯುಷ್ಯವೂ ದೊರೆಯಲಿ. ಬಡಾವಣೆಯ ಗ್ರಂಥಾಲಯಕ್ಕೆ ಅವರು ಮಾಡಿಕೊಡಲಿರುವ ರೋಬಾಟ್ ಬೇಗ ಕಣ್ಣು ಬಿಡಲಿ. ಮಧ್ಯಾಹ್ನದ ನಿದ್ದೆ ಅವರಿಗೆ ಕೊನೆಗೂ ಸಿಗಲಿ. ಆ ಹೊತ್ತಿನಲ್ಲಿ ತರಗತಿಯಿಂದ ಫೋನ್ ಬಂದರೆ ಅವರು ಎತ್ತಬೇಕೆಂದೇನಿಲ್ಲ. ಚಿಕ್ಕಮ್ಮ ನಿಭಾಯಿಸುತ್ತಾರೆ.