ಒದ್ದೆ ಸೊಪ್ಪು

ನಮ್ಮಪ್ಪ ಹೊಡೆಯುವಾಗ ಕೈಗೆ ಏನು ಸಿಕ್ಕಿತೆಂದು ನೋಡುತ್ತಿರಲಿಲ್ಲ. ಅಮ್ಮನ ಹಣೆಯ ಗಾಯ ಸೌದೆಯದು, ಅಣ್ಣನ ಬೆನ್ನಿನ ಬಾಸುಂಡೆ ಎತ್ತಿನ ಹಗ್ಗದ್ದು. ಆ ಹೊಡೆತ ತಾಳಲಾರದೆಯೇ ಅಣ್ಣ ಹದಿನೇಳಕ್ಕೆ ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿ ಬಿಟ್ಟು ಬೊಂಬಾಯಿಗೆ ಓಡಿದ್ದು, ಬಿಳಿಯರ ಹಡಗು ಸೇರಿ ಊಟ ಬಡಿಸುವ ಕೆಲಸ ಹಿಡಿದದ್ದು.

ಆರು ವರ್ಷದ ಮೇಲೆ ಎರಡು ತಿಂಗಳ ರಜೆಗೆ ಬಂದ. ಆಗ ಅರವತ್ತರ ದಶಕ ಶುರುವಾಗಿತ್ತು, ನನಗೆ ಹದಿನೈದು. ಅವನು ತಂದ ಬಣ್ಣದ ಪುಸ್ತಕದಲ್ಲಿ ಹಡಗು ಉತ್ತರದ ಸಮುದ್ರದಲ್ಲಿ ಸಾಗುವ ದಾರಿಯ ಚಿತ್ರಗಳಿದ್ದವು. ನೀರಿನಿಂದ ಗೋಡೆಯ ಹಾಗೆ ಎದ್ದ ಕರೀ ಬೆಟ್ಟ, ಒಂದೂ ಮರವಿಲ್ಲದ ದ್ವೀಪ, ಅದರ ತುಂಬ ಹಕ್ಕಿ. ವಯಸ್ಸಾದ ಬಿಳಿಯರು ಇದನ್ನು ನೋಡಲೆಂದೇ ವಾರಗಟ್ಟಲೆ ಹಡಗಿನಲ್ಲಿರುತ್ತಾರಂತೆ.

"ಬಂಡೆ ನೋಡಕ್ಕೆ ಹಡಗು ಹತ್ಬೇಕಾ? ನಂದಿಬೆಟ್ಟ ಸಾಲ್ದೇನಪ್ಪಾ ಅವ್ರಿಗೆ?" ಎಂದಳು ಅಜ್ಜಿ.

"ಅಲ್ಲಿ ಬೇಸಿಗೇಲಿ ಸೂರ್ಯ ಮುಳುಗೋದೇ ಇಲ್ಲ ಕಣಜ್ಜಿ."

"ಹಂಗಾದ್ರೆ ಮಲಗೋದು ಯಾವಾಗ್ಲೋ, ಸುಳ್ಳುಬುರುಕ!"

ಅಣ್ಣ ನಕ್ಕು, ನಾಲ್ಕು ತಟ್ಟೆಗಳನ್ನು ಬಲಗೈಯೊಂದರ ಮೇಲೇ ಜೋಡಿಸಿಕೊಂಡು, ಹಡಗು ತೂಗುವಾಗ ಹೇಗೆ ನಡೆಯುತ್ತೇನೆಂದು ಪಡಸಾಲೆಯಲ್ಲಿ ತೂರಾಡಿ ತೋರಿಸಿದ. ಒಂದೂ ಬೀಳಲಿಲ್ಲ.

ಹೊರಗಿನಿಂದ ಬಂದವರು ರೇಷ್ಮೆ ಹುಳದ ಮನೆಗೆ ಕಾಲಿಡುವಂತಿಲ್ಲ, ಹುಳಕ್ಕೆ ಕೇಡು ಎಂಬ ಕಟ್ಟು ನಮ್ಮಲ್ಲಿತ್ತು. ಅಪ್ಪ ಅಣ್ಣನಿಗೂ ಹಾಗೇ ಹೇಳಿದ್ದ. ಅಣ್ಣ ಹೊಸಿಲು ಕೂಡ ಮುಟ್ಟಲಿಲ್ಲ.

ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವುದು ನನ್ನ ಕೆಲಸ. ಮಳೆಯಲ್ಲಿ ತಂದ ಸೊಪ್ಪನ್ನು ಹರಡಿ, ನೀರು ಆರಿಸಿಯೇ ಹಾಕಬೇಕು, ಇಲ್ಲದಿದ್ದರೆ ಹುಳಕ್ಕೆ ರೋಗ. ಮೂರು ದಿನ ಮಳೆ ಹಿಡಿದಿತ್ತು. ಮೂರು ದಿನವೂ ನಾನು ಸೊಪ್ಪನ್ನು ಗಂಟಿನಲ್ಲೇ ಬಿಟ್ಟು ಹಡಗಿನ ಪುಸ್ತಕ ನೋಡುತ್ತ ಕೂತೆ. ಅಪ್ಪನ ಕೆಮ್ಮು ಕೇಳಿಸಿದಾಗ ಒದ್ದೆ ಸೊಪ್ಪನ್ನೇ ಎತ್ತಿ ಹುಳದ ಬಿದಿರು ತಟ್ಟೆಗಳಿಗೆ ಸುರಿದೆ.

ಗೂಡು ಕಟ್ಟಲು ಇನ್ನೇನು ನಾಲ್ಕು ದಿನ ಇದ್ದ ಹುಳ. ಮೆತ್ತಗಾಗಿ, ಕಪ್ಪಾಗಿ, ಕೊಳೆತು ನಾರತೊಡಗಿತು. ಅಪ್ಪ ನನ್ನ ಜಡೆ ಹಿಡಿದು ಕಂಬಕ್ಕೆ ತಲೆ ಚಚ್ಚಿದ.

"ಯಾರೇ ಒಳಗ್ ಹೋಗಿದ್ದು? ಹೇಳೇ!"

ಅಣ್ಣ ಓಡಿಬಂದು ಅಪ್ಪನ ಕೈ ಹಿಡಿದ. "ಬಿಡಪ್ಪ, ಸತ್ತೋಗ್ತಾಳೆ!"

ನಾನು ಅವನತ್ತ ಬೆರಳು ತೋರಿಸಿದೆ. "ಅಣ್ಣ ಹೋಗಿದ್ದ."

"ನಾನಾ? ಯಾವಾಗ್ ಹೋದ್ನೇ?"

ಮೂಲೆಯಲ್ಲಿದ್ದ ಒನಕೆ ಅಪ್ಪನ ಕೈಗೆ ಬಂದಿತ್ತು. "ಬಿಳೀ ಜನದ ಎಂಜಲೆತ್ತಿ ಬಂದು ನನ್ನ ಹುಳ ಕೊಂದ್ಯೇನೋ!" ತಲೆಗೆ ಬೀಸಿದ ಏಟಿಗೆ ಅಣ್ಣ ಬಲಗೈ ಅಡ್ಡ ಕೊಟ್ಟ. ಮಣಿಕಟ್ಟು ಹಿಪ್ಪುನೇರಳೆ ಕಡ್ಡಿಯಂತೆ ಲಟಕ್ಕೆಂದಿತು. ಬಿದ್ದವನ ಅದೇ ಕೈ ಮೇಲೆ ಇನ್ನೆರಡು ಏಟು ಬಿತ್ತು. ಅಮ್ಮ ಮೇಲೆ ಬಿದ್ದು ತಡೆದಾಗ ಅವಳ ಭುಜಕ್ಕೂ ಒಂದು. ನಾನು ಕಂಬದ ಹಿಂದೆ ನಿಂತಿದ್ದೆ. ಸೊಪ್ಪು ಒದ್ದೆಯಿತ್ತು ಎಂಬ ಒಂದು ಮಾತು ಬಾಯಲ್ಲೇ ಉಳಿಯಿತು. ಕೊಳೆತ ಹುಳ ಹೂಳುವ ಗುಂಡಿಗೆ ಅಪ್ಪ ಪುಸ್ತಕವನ್ನೂ ಎಸೆದು ಮಣ್ಣೆಳೆದ.

ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿದರು. ಕೈ ಸೊಟ್ಟಗೆ ಕೂಡಿಕೊಂಡಿತು. ಒಂದು ತಟ್ಟೆಯೂ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹಡಗು ಅವನಿಲ್ಲದೆ ಹೋಯಿತು.

ನನ್ನ ಮದುವೆಯಾದ ಮೇಲೆ, ಅಣ್ಣನಿಗೆ ಎಲ್ಲ ಹೇಳಿಬಿಡಬೇಕೆಂದು ಗೌರಿಬಿದನೂರಿಗೆ ಹೋದೆ. ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಅಣ್ಣ ಟೀ ಕೊಡುತ್ತಿದ್ದ. ಎಡಗೈಯಲ್ಲಿ ಒಂದೊಂದೇ ಲೋಟ ತರುತ್ತಿದ್ದ. ನನ್ನ ಮುಂದೆಯೂ ಒಂದಿಟ್ಟು ಕೂತ.

"ನಾನಂತೂ ಒಳಗ್ ಹೋಗ್ಲಿಲ್ಲ. ಅವತ್ತು ಹುಳಕ್ಕೆ ಏನಾಗಿತ್ತಮ್ಮಾ, ನಿಜವಾಗ್ಲೂ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಅದನ್ನೇ ಯೋಚಿಸುತ್ತಿದ್ದವನ ಹಾಗಿತ್ತು.

"ನಂಗ್ ಗೊತ್ತಿಲ್ಲಣ್ಣ" ಎಂದೆ. ಟೀ ಕುಡಿದು ಎದ್ದೆ.