ಹಿಮಗಾಡಿಯ ಪ್ಲಗ್ಗಿಗಾಗಿ ಮೆಲ್ಬರ್ನಿಗೆ

ಜೂನ್ ತಿಂಗಳ ಒಂದು ಗುರುವಾರ ಬೆಳಗಿನ ಐದೂವರೆಗೆ ಸಿಡ್ನಿಯ ಪ್ಯಾರಮಟ್ಟಾದ ನಮ್ಮ ಫ್ಲ್ಯಾಟಿನಿಂದ ಹೊರಟೆವು. ಮೆಲ್ಬರ್ನ್ ಸುಮಾರು ಒಂಬೈನೂರು ಕಿಲೋಮೀಟರು. ಡಿಕ್ಕಿಯಲ್ಲಿ ಬಟ್ಟೆಯ ಬ್ಯಾಗು ಒಂದು, ನಮ್ಮವರ ಸ್ಪ್ಯಾನರ್ ಪೆಟ್ಟಿಗೆ ಎರಡು. ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಅದರ ಮೇಲೆ ರಸ್ತೆಯ ಮ್ಯಾಪು.

ನಮ್ಮವರು ಅಂದರೆ ಮಂಜುನಾಥ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಸ್ಕೂಟರ್ ಗ್ಯಾರೇಜು ನಡೆಸಿದವರು. ನನ್ನ ಕೆಲಸದ ಮೇಲೆ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಕ್ಕಿತು, ಜೊತೆಗೆ ಇವರೂ ಬಂದರು. ಎರಡು ವರ್ಷವಾದರೂ ಸಿಡ್ನಿಯ ಒಂದು ಗ್ಯಾರೇಜೂ ಇವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿ ಹೋದರೂ ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ ಅನ್ನುವ ಅದೇ ರಾಗ. ಸೂಪರ್‌ಮಾರ್ಕೆಟ್ಟಿನಲ್ಲಿ ಡಬ್ಬ ಜೋಡಿಸುತ್ತಾ ಮನುಷ್ಯ ಸೊರಗಿಹೋಗಿದ್ದರು. ಈಗ ಮೆಲ್ಬರ್ನ್ ಪಕ್ಕದ ಡ್ಯಾಂಡೆನಾಂಗ್‌ನಲ್ಲಿ ಒಂದು ಶೆಡ್ಡಿನವರು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ರಿಪೇರಿ ಮಾಡುವವರು, ಒಂದು ದಿನ ಕೆಲಸ ಮಾಡಿ ತೋರಿಸಿ ಅಂದಿದ್ದರು. "ಇದೂ ಆಗ್ಲಿಲ್ಲ ಅಂದ್ರೆ ನಾನು ಊರಿಗೆ ಹೋಗ್ತೀನಿ ಸರೋಜಾ. ನೀನು ಬೇಕಾದ್ರೆ ಇಲ್ಲೇ ಇರು" ಎಂದು ಇವರು ಹೇಳಿಯಾಗಿತ್ತು.

ಇಲ್ಲಿ ಜೂನ್ ಅಂದರೆ ಚಳಿಗಾಲ. ಗೋಲ್‌ಬರ್ನ್ ದಾಟುವವರೆಗೂ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. "ಹಿಮಾನೇ ನೋಡಿಲ್ಲ, ಹಿಮದ ಗಾಡಿ ರಿಪೇರಿಗೆ ಹೊರಟಿದ್ದೀರಲ್ರೀ" ಎಂದು ಕಿಚಾಯಿಸಿದೆ.

"ಟೂ ಸ್ಟ್ರೋಕ್ ಎಂಜಿನ್ ಕಣೇ ಅದು. ನಮ್ಮ ಸ್ಕೂಟರಿನ ಅಣ್ಣ" ಎಂದರು. ಬಹಳ ದಿನದ ಮೇಲೆ ಆ ಮುಖದಲ್ಲಿ ನಗು ಕಂಡಿತು.

ಗಂಡಗೈ ಹತ್ತಿರ ಮರದ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ತಣ್ಣಗಾಗಿತ್ತು, ಆದರೂ ಡಬ್ಬಿ ಖಾಲಿಯಾಯಿತು. ಸಂಜೆಗೆ ಆಲ್ಬರಿ ಸೇರಿದೆವು. ಅರವತ್ತು ಡಾಲರಿನ ಮೋಟೆಲ್ ರೂಮಿನಲ್ಲಿ ಹೀಟರು ಕೆಲಸ ಮಾಡಲಿಲ್ಲ. ಸ್ವೆಟರ್ ಹಾಕಿಕೊಂಡೇ ಮಲಗಿದೆವು.

ಶುಕ್ರವಾರ ಹನ್ನೊಂದಕ್ಕೆ ಡ್ಯಾಂಡೆನಾಂಗ್ ತಲುಪಿದಾಗ ಜಿಟಿಜಿಟಿ ಮಳೆ. ಶೆಡ್ಡಿನ ಯಜಮಾನ ನಿಕ್, ಗ್ರೀಸ್ ದೇಶದಿಂದ ಬಂದು ನೆಲೆಸಿದ ಮುದುಕ. ನನಗೊಂದು ಕುರ್ಚಿ, ಕಾಫಿ ಕೊಟ್ಟ. ಇವರ ಮುಂದೆ ಒಂದು ಹಳದಿ ಗಾಡಿ ನಿಲ್ಲಿಸಿ, ಹೊಸ ಸ್ಪಾರ್ಕ್ ಪ್ಲಗ್ ಎರಡು ಇಟ್ಟು, "ಪ್ಲಗ್ ಬದಲಾಯಿಸಿ ಸ್ಟಾರ್ಟ್ ಮಾಡು" ಅಂದು ಫೋನ್ ಮಾಡಲು ಹೋದ.

ಇವರು ಬಾನೆಟ್ ಎತ್ತಿದರು. ಗಾಳಿ ಹೊಡೆದು ಧೂಳು ತೆಗೆದರು, ಪ್ಲಗ್ ಬಿಚ್ಚಿದರು. ಕಪ್ಪು ಮಸಿ ಹಿಡಿದಿತ್ತು. ಆಮೇಲೆ ಮಾಡಿದ್ದು ನೋಡಿ. ಪೆಟ್ಟಿಗೆಯಿಂದ ಉಪ್ಪುಕಾಗದ ತೆಗೆದು ಆ ಹಳೇ ಪ್ಲಗ್ಗನ್ನೇ ತಿಕ್ಕಿ ಬೆಳ್ಳಗೆ ಮಾಡಿ, ಹ್ಯಾಕ್ಸಾ ಬ್ಲೇಡು ತೂರಿಸಿ ತುದಿಯ ಸಂದು ಅಳೆದು, ಮತ್ತೆ ಅದನ್ನೇ ಕೂರಿಸಿಬಿಟ್ಟರು. ದಾವಣಗೆರೆಯಲ್ಲಿ ಇದಕ್ಕೆ ಶಹಬ್ಬಾಸ್ ಸಿಗುತ್ತಿತ್ತು.

ನಿಕ್ ವಾಪಸು ಬಂದ. ಹೊಸ ಪ್ಲಗ್ಗುಗಳು ಇಟ್ಟಲ್ಲೇ ಇದ್ದವು. "ಯಾಕೆ ಹಾಕಲಿಲ್ಲ?"

"ಸರ್, ಇದು ಇನ್ನೂ ಎರಡು ತಿಂಗಳು ಓಡುತ್ತೆ" ಎಂದರು ಇವರು, ಉಳಿತಾಯ ಮಾಡಿಕೊಟ್ಟ ಹೆಮ್ಮೆಯಲ್ಲಿ.

"ನಿಮ್ಮೂರಲ್ಲಿ ಸ್ಕೂಟರ್ ನಿಂತರೆ ಏನು ಮಾಡುತ್ತಾರೆ?"

"ತಳ್ಳುತ್ತಾರೆ, ಸರ್."

"ಇದರ ಹಿಂದೆ ಹಿಮದಲ್ಲಿ ಜಾರಿ ಬಿದ್ದು ಕಾಲು ಮುರಿದವರನ್ನು ಮಲಗಿಸಿಕೊಂಡು ಬೆಟ್ಟ ಇಳಿಸುತ್ತಾರೆ. ಸೊಂಟದವರೆಗೆ ಹಿಮ. ಅಲ್ಲಿ ಯಾರು ತಳ್ಳಬೇಕು?"

ಕೆಲಸ ಹೋಯಿತು ಅಂದುಕೊಂಡೆ. ದಾವಣಗೆರೆಯ ಟಿಕೆಟ್ ಕಣ್ಣ ಮುಂದೆ ಬಂದುಬಿಟ್ಟಿತು. ಇವರು ಮಾತ್ರ ಒಂದು ಸಬೂಬೂ ಹೇಳಲಿಲ್ಲ. "ತಪ್ಪು ನಂದು, ಸರ್. ಬಿಚ್ಚುತ್ತೀನಿ" ಎಂದು ಮತ್ತೆ ಸ್ಪ್ಯಾನರ್ ಹಿಡಿದರು.

ಹೊಸ ಪ್ಲಗ್ಗಿನ ಸಂದನ್ನು ಈ ಸಲ ನಿಕ್ ಕೊಟ್ಟ ಗೇಜಿನಲ್ಲೇ ಅಳೆದರು. ಅಳೆದವರು ಹಾಗೇ ಕೂರಿಸದೆ ನನ್ನ ಕಡೆ ಕೈ ಚಾಚಿ, "ಕಾಡಿಗೆ ಪೆನ್ಸಿಲ್ ಕೊಡೇ" ಎಂದರು. ನಾಚಿಕೆಯಿಂದಲೇ ಕೊಟ್ಟೆ. ಪ್ಲಗ್ಗಿನ ತುದಿಯ ಬಾಯಿ ಯಾವ ಕಡೆ ತೆರೆದಿದೆಯೋ ಅದೇ ನೇರಕ್ಕೆ ಮೇಲಿನ ಬಿಳಿ ಪಿಂಗಾಣಿಯ ಮೇಲೆ ಕಪ್ಪು ಗೆರೆ ಎಳೆದರು. ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಬಿಗಿ ಮಾಡಿದರು. ಒಂದು ಗೆರೆ ಪೆಟ್ರೋಲ್ ಒಳಬರುವ ಕಡೆ ನೋಡುತ್ತಿತ್ತು, ಇನ್ನೊಂದು ಪಕ್ಕಕ್ಕೆ ಹೊರಳಿತ್ತು. ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದರು. ಈಗ ಎರಡು ಗೆರೆಯೂ ಪೆಟ್ರೋಲ್ ಬರುವ ಕಡೆಗೇ ಮುಖ ಮಾಡಿದವು; ಕಿಡಿ ಆ ಕಡೆ ಹಾರಿದರೆ ಎಂಜಿನ್ ಬೇಗ ಹತ್ತುತ್ತದಂತೆ.

"ಇದನ್ನು ಯಾರು ಕಲಿಸಿದರು?" ಎಂದ ನಿಕ್.

"ಯಾರೂ ಇಲ್ಲ, ಸರ್. ರೇಸಿಗೆ ಹೋಗುವ ಹುಡುಗರ ಗಾಡಿಗೆ ಮಾಡಿ ಮಾಡಿ ರೂಢಿ ಆಯಿತು."

ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಎಂಜಿನ್ ಒಂದೇ ಎಳೆತಕ್ಕೆ ಹತ್ತಿಕೊಂಡಿತು. ನಿಕ್ ಕಿವಿಗೊಟ್ಟು ಕೇಳುತ್ತಾ ನಿಂತ. ಇವರು ಹಳೇ ಪ್ಲಗ್ಗುಗಳನ್ನು ಪೇಪರಿನಲ್ಲಿ ಸುತ್ತಿ ಅವನ ಕೈಗಿಟ್ಟರು. ನಮ್ಮ ಕಡೆ ಗಿರಾಕಿಗೆ ಹಳೇ ಸಾಮಾನು ಕೊಡದಿದ್ದರೆ ಬದಲಾಯಿಸಿದ್ದನ್ನು ನಂಬುವುದಿಲ್ಲ ಎಂದು ನಾನೇ ವಿವರಿಸಬೇಕಾಯಿತು. ಮುದುಕ ಜೋರಾಗಿ ನಕ್ಕು ಪೊಟ್ಟಣವನ್ನು ಕಸದ ಡ್ರಮ್ಮಿಗೆ ಎಸೆದ. "ಬರುವ ಸೋಮವಾರ ಬಿಟ್ಟು ಮುಂದಿನ ಸೋಮವಾರ, ಬೆಳಗ್ಗೆ ಏಳು ಗಂಟೆಗೆ ಬಾ. ಈ ಹಿಮದ ಸೀಸನ್ ಮುಗಿಯಲಿ, ಆಮೇಲೆ ಕಾರುಗಳೂ ಇವೆ" ಎಂದ. ಗೋಡೆಯ ಮೊಳೆಯಿಂದ ನೀಲಿ ಅಂಗಿಯೊಂದನ್ನು ತೆಗೆದುಕೊಟ್ಟ. ಜೇಬಿನ ಮೇಲೆ ಪೀಟರ್ ಎಂದು ಹೊಲಿದಿತ್ತು. ಹಿಂದೆ ಕೆಲಸಕ್ಕಿದ್ದವನದಂತೆ, ಹೊಸದು ಬರುವವರೆಗೆ ಇದೇ.

ಇವರು ಮೆಲ್ಬರ್ನಿನಲ್ಲಿ, ನಾನು ಸಿಡ್ನಿಯಲ್ಲಿ, ಸಂಸಾರ ಹೇಗೆ ಎಂದು ಯೋಚಿಸುತ್ತಲೇ ಇವರ ಜೊತೆ ವಾಪಸು ಹೊರಟೆ. ಆದರೂ ಹೊಟ್ಟೆ ತುಂಬಾ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ದಾರಿಯಲ್ಲಿ ಇವರು ಆ ಅಂಗಿ ತೊಟ್ಟೇ ಪೆಟ್ರೋಲಿಗೆ ದುಡ್ಡು ಕೊಟ್ಟಾಗ ಕೌಂಟರಿನ ಹುಡುಗಿ ಜೇಬಿನ ಹೆಸರು ಓದಿ "ಥ್ಯಾಂಕ್ಸ್, ಪೀಟರ್" ಅಂದಳು. ಇವರು ಗಂಭೀರವಾಗಿ "ವೆಲ್ಕಮ್" ಅಂದರು.

ಮನೆ ಸೇರಿದ ಮೇಲೆ, ಗ್ರೀಸು ಮೆತ್ತಿದ ಆ ಅಂಗಿಯನ್ನು ಒಗೆಯಲು ಕೊಡಿ ಅಂದೆ. ಕೊಡಲಿಲ್ಲ. ಹಾಕಿಕೊಂಡೇ ಊಟಕ್ಕೆ ಕೂತರು.